ಒಳಬಾಗಿಲಿಗೂ ಒಂದು ಮುಖ

ಹೊಸ ಮನೆ ಕಟ್ಟಿಸಿದವರು ನಮ್ಮನ್ನು ಕರೆದರೆ ಮೊದಲು ನಿಲ್ಲಿಸುವುದು ಹೆಬ್ಬಾಗಿಲ ಮುಂದೆ. ತೇಗದ ಕದ, ಬಳ್ಳಿ ಕೆತ್ತಿದ ಬಾಗಿಲವಾಡ, ನೆತ್ತಿಯ ಮೇಲೆ ಗಜಲಕ್ಷ್ಮಿ, ಮುಖ ಕಾಣುವಷ್ಟು ಹೊಳಪಿನ ಪಾಲಿಶ್, ಕೈತುಂಬುವ ಹಿತ್ತಾಳೆ ಹಿಡಿ. ಹೊಸ್ತಿಲಿಗೆ ಅರಿಶಿನ ಕುಂಕುಮ, ಮೇಲೆ ಮಾವಿನ ತೋರಣ. ಒಳಗೆ ಬಂದರೆ ದೇವರ ಕೋಣೆಯ ಬಾಗಿಲಿಗೆ ಸಾಲುಸಾಲು ಪುಟ್ಟ ಗಂಟೆಗಳು. ಅಲ್ಲಿಗೆ ಬಾಗಿಲುಗಳ ವೈಭವ ಮುಗಿಯಿತು. ಮಲಗುವ ಕೋಣೆ, ಮಕ್ಕಳ ಕೋಣೆ, ಸ್ಟೋರ್ ರೂಮು ಎಲ್ಲದಕ್ಕೂ ಅದೇ ಸಪಾಟು ಫ್ಲಶ್ ಡೋರ್. ಏಳಡಿ ಎತ್ತರ, ಎರಡೂವರೆ ಅಥವಾ ಮೂರಡಿ ಅಗಲ, ಮೇಲೆ ಕೆನೆಬಣ್ಣ ಇಲ್ಲವೇ ಕಂದು ಮೈಕಾ. ಕಟ್ಟಿಸುವವರ ದುಡ್ಡೂ ಉತ್ಸಾಹವೂ ಹೆಬ್ಬಾಗಿಲಿನಲ್ಲೇ ಖರ್ಚಾಗಿರುತ್ತದೆ.

ಬೆಳಿಗ್ಗೆಯಿಂದ ರಾತ್ರಿಯವರೆಗೆ ಮನೆಯವರ ಕೈ ತಾಗುವುದು ಮಾತ್ರ ಈ ಒಳಬಾಗಿಲುಗಳಿಗೇ. ಹೆಬ್ಬಾಗಿಲು ಬಂದವರಿಗೆ, ಒಳಬಾಗಿಲು ಇರುವವರಿಗೆ. ಇವಕ್ಕೆ ಒಂದಿಷ್ಟು ಕಳೆ ತರಲು ಬಾಗಿಲನ್ನೇ ಬದಲಿಸಬೇಕಿಲ್ಲ. ಒಂದು ಡಬ್ಬಿ ಬಣ್ಣ, ಇಪ್ಪತ್ತಡಿ ಬೀಡಿಂಗ್ ಪಟ್ಟಿ, ಒಂದು ತುಂಡು ಖಣ, ಎರಡು ಭಾನುವಾರ ಇದ್ದರೆ ಆಗುವ ಕೆಲಸ. ಆದರೆ ಕೈಗೆ ಬ್ರಶ್ ತೆಗೆದುಕೊಳ್ಳುವ ಮುಂಚೆ ಈ ಬಾಗಿಲು ಹೀಗೇಕೆ ಇದೆ ಎಂದು ತಿಳಿದುಕೊಂಡರೆ ಒಳ್ಳೆಯದು.

ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ, ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಮೂರಡಿ ಅಗಲಕ್ಕೆ ಹಲಗೆಗಳನ್ನು ಬಿಗಿಯಾಗಿ ಕೂಡಿಸಿ ಕದ ಮಾಡಿದರೆ ಅದು ಆಷಾಢದಲ್ಲಿ ಮುಚ್ಚುವುದಿಲ್ಲ, ಚೈತ್ರಕ್ಕೆ ಬಿರುಕು ಬಿಡುತ್ತದೆ. ಅದಕ್ಕೇ ಬಡಗಿಗಳು ಸುತ್ತಲೂ ದಪ್ಪ ಪಟ್ಟಿಗಳ ಚೌಕಟ್ಟು ಕಟ್ಟಿ, ಆ ಪಟ್ಟಿಗಳಲ್ಲಿ ತೋಡಿದ ಸಂದಿನೊಳಗೆ ತೆಳು ಹಲಗೆಯನ್ನು ಅಂಟು ಹಾಕದೆ ಕೂರಿಸಿದರು. ಹಲಗೆ ತನ್ನ ಪಾಡಿಗೆ ಉಬ್ಬಲಿ ಕುಗ್ಗಲಿ, ಚೌಕಟ್ಟಿನ ಅಳತೆ ಕೆಡುವುದಿಲ್ಲ. ನಮಗೆ ಇಂದು ಅಂದವಾಗಿ ಕಾಣುವ ಪ್ಯಾನೆಲ್ ಬಾಗಿಲು ಹುಟ್ಟಿದ್ದು ಹವೆಯ ಕಾಟದಿಂದ. ಪ್ಲೈವುಡ್ ಬಂದ ಮೇಲೆ ಆ ಕಾಟ ತಪ್ಪಿತು. ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದು ಅಡ್ಡ ಬರುವಂತೆ ಅಂಟಿಸಿದರೆ ಒಂದು ಇನ್ನೊಂದನ್ನು ಹಿಡಿದಿಡುತ್ತದೆ. ನಡುವೆ ಮರದ ತುಂಡುಗಳನ್ನೋ ಟೊಳ್ಳು ಜಾಲರಿಯನ್ನೋ ತುಂಬಿ ಎರಡೂ ಕಡೆ ಪ್ಲೈ ಒತ್ತಿದರೆ ಫ್ಲಶ್ ಡೋರ್ ಸಿದ್ಧ. ಒಳಗೆ ಗಟ್ಟಿ ಮರ ತುಂಬಿದ ಬಗೆಗೆ ಐಎಸ್ 2202 ಎಂಬ ಭಾರತೀಯ ಮಾನಕವೂ ಇದೆ. ಸಪಾಟುತನ ಅದರ ಬಡತನ ಅಂದುಕೊಳ್ಳಬೇಕಿಲ್ಲ. ಸೊಟ್ಟಗಾಗದೆ ನಿಲ್ಲುವ ಇಷ್ಟು ದೊಡ್ಡ ಮಟ್ಟಸ ಮೈ ಹಳೆಯ ಬಡಗಿಗಳಿಗೆ ಸಿಕ್ಕಿರಲಿಲ್ಲ.

ಇನ್ನೊಂದು ಸಂಗತಿಯನ್ನು ಒಳಾಂಗಣ ವಿನ್ಯಾಸದ ಚಿತ್ರಗಳು ಮರೆಸುತ್ತವೆ. ಅವುಗಳಲ್ಲಿ ಬಾಗಿಲು ಯಾವಾಗಲೂ ಮುಚ್ಚಿರುತ್ತದೆ. ಶೀತದೇಶದವರು ಕೋಣೆಯ ಕಾವು ಉಳಿಸಲು ಬಾಗಿಲು ಹಾಕಿಕೊಳ್ಳುತ್ತಾರೆ, ಹಾಗಾಗಿ ಅವರಿಗೆ ಮುಚ್ಚಿದ ಬಾಗಿಲ ಮುಖವೇ ಮುಖ್ಯ. ನಮ್ಮ ಮನೆಗಳಲ್ಲಿ ಮಲಗುವ ಕೋಣೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಗಾಳಿ ಆಡಬೇಕು, ಅಜ್ಜಿ ಕೂಗಿದರೆ ಕೇಳಬೇಕು. ಹಾಡಹಗಲೇ ಬಾಗಿಲು ಹಾಕಿಕೊಂಡವರನ್ನು 'ಯಾಕೆ, ಮೈ ಹುಷಾರಿಲ್ವಾ?' ಎಂದು ಕೇಳುವ ಜನ ನಾವು. ಗೋಡೆಗೆ ಒರಗಿದ ಕದದ ಒಂದು ಮುಖ ಅಡಗಿರುತ್ತದೆ, ಇನ್ನೊಂದು ಮುಖ ಕೋಣೆಯೊಳಗಿನವರಿಗೆ ಕಾಣುತ್ತದೆ. ಹಾಲ್‌ನಲ್ಲಿ ಕೂತವರ ಕಣ್ಣಿಗೆ ಬಿದ್ದರೆ ಬಾಗಿಲಿನ ಅಂಚೊಂದೇ.

ಆದ್ದರಿಂದ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಡಿಮೆ ಜನ ಮಾಡುವ ಕೆಲಸವೆಂದರೆ ಆ ಅಂಚಿಗೆ ಬಣ್ಣ ಹಚ್ಚುವುದು. ಕದದ ದಪ್ಪ ಸುಮಾರು ಮೂವತ್ತರಿಂದ ಮೂವತ್ತೈದು ಮಿಲಿಮೀಟರ್. ಬಾಗಿಲು ಇದ್ದ ಬಣ್ಣದಲ್ಲೇ ಇರಲಿ, ಬೀಗ ಇರುವ ಕಡೆಯ ಆ ಒಂದೂಕಾಲು ಇಂಚಿನ ಪಟ್ಟಿಗೆ ಮಾತ್ರ ಕಾವಿ, ಅರಿಶಿನ ಅಥವಾ ನವಿಲು ನೀಲಿ ಹಚ್ಚಿ. ಮುಚ್ಚಿದಾಗ ಏನೂ ಗೊತ್ತಾಗುವುದಿಲ್ಲ. ತೆರೆದಿಟ್ಟಾಗ ಹಾಲ್‌ನ ಮಂಕು ಗೋಡೆಗಳ ನಡುವೆ ಏಳಡಿ ಉದ್ದದ ಬಣ್ಣದ ಗೆರೆಯೊಂದು ನೆಟ್ಟಗೆ ನಿಲ್ಲುತ್ತದೆ. ಮೂರು ಕೋಣೆಗಳ ಬಾಗಿಲಿಗೆ ಮೂರು ಬಣ್ಣ ಕೊಟ್ಟರೂ ಗದ್ದಲ ಅನಿಸದು. ನೂರು ಮಿಲಿಯ ಪುಟ್ಟ ಡಬ್ಬಿ, ಒಂದಿಂಚಿನ ಬ್ರಶ್, ಅಕ್ಕಪಕ್ಕಕ್ಕೆ ಮಾಸ್ಕಿಂಗ್ ಟೇಪ್, ಇಷ್ಟೇ ಖರ್ಚು. ಬೀಗದ ತಗಡಿನ ಮೇಲೂ ಟೇಪ್ ಹಚ್ಚುವುದನ್ನು ಮರೆಯಬಾರದು.

ಇಡೀ ಬಾಗಿಲಿಗೆ ಬಣ್ಣ ಎಂದರೆ ಲೆಕ್ಕ ಹೀಗೆ. ಏಳಡಿಗೆ ಮೂರಡಿ ಅಂದರೆ ಒಂದು ಮುಖಕ್ಕೆ 21 ಚದರಡಿ. ಎರಡು ಮುಖ, ಎರಡು ಕೋಟ್ ಸೇರಿ 84. ಒಂದು ಲೀಟರ್ ಎನಾಮೆಲ್ ಒಂದು ಕೋಟಿಗೆ ಹೆಚ್ಚುಕಡಿಮೆ 100 ಚದರಡಿ ಬರುತ್ತದೆ. ಹಾಗಾಗಿ ಒಂದು ಬಾಗಿಲಿಗೆ ಒಂದು ಲೀಟರ್ ಧಾರಾಳ, ಅಂಚಿಗೂ ಮಿಗುತ್ತದೆ. ಕೂಲಿ ಕೊಡದೆ ನಾವೇ ಮಾಡಿದರೆ ಪ್ರೈಮರ್, ಸ್ಯಾಂಡ್‌ಪೇಪರ್, ನಾಲ್ಕಿಂಚಿನ ಸ್ಪಂಜ್ ರೋಲರ್ ಎಲ್ಲ ಸೇರಿಯೂ ಕುಟುಂಬ ಸಮೇತ ಒಂದು ಸಿನಿಮಾಕ್ಕೆ ಹೋಗಿ ಬಂದಷ್ಟು ಖರ್ಚು. ನೀರಿನಲ್ಲಿ ಕರಗುವ ಎನಾಮೆಲ್ ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಟರ್ಪೆಂಟೈನ್ ವಾಸನೆ ಇಲ್ಲ, ಬ್ರಶ್ಶನ್ನು ನಲ್ಲಿ ಕೆಳಗೆ ತೊಳೆದರಾಯಿತು, ಬಿಳಿ ಬಣ್ಣ ಹಳದಿಯಾಗುವುದೂ ಕಡಿಮೆ.

ಕೆಲಸದ ಮುಕ್ಕಾಲು ಪಾಲು ಬಣ್ಣ ಹಚ್ಚುವ ಮೊದಲೇ ಇದೆ. ಹಿಡಿಯ ಸುತ್ತ ವರ್ಷಗಟ್ಟಲೆ ಕೂತ ಕೈಜಿಡ್ಡನ್ನು ಸೋಪುನೀರಿನಿಂದ ತೊಳೆಯದಿದ್ದರೆ ಎಂಥ ಬಣ್ಣವೂ ಅಲ್ಲಿಂದಲೇ ಎದ್ದು ಬರುತ್ತದೆ. ತೊಳೆದು ಒಣಗಿಸಿ, 180 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಗಾಯಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಹಚ್ಚಿ, ಮತ್ತೆ 320ರಲ್ಲಿ ಹಗುರಾಗಿ ಸವರಬೇಕು. ಮೈಕಾ ಅಂಟಿಸಿದ ಬಾಗಿಲಾದರೆ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ನುಣುಪು ಮೈಗೂ ಹಿಡಿಯುವ ಪ್ರೈಮರ್ ಕೇಳಿ ತರಬೇಕು. ಕದವನ್ನು ಕೀಲಿನಿಂದ ಬಿಚ್ಚಿ ಎರಡು ಸ್ಟೂಲಿನ ಮೇಲೆ ಮಲಗಿಸಿದರೆ ಬಣ್ಣ ಸೋರಿ ಗೆರೆಗಳಾಗುವುದು ತಪ್ಪುತ್ತದೆ. ಬಿಚ್ಚಿದಾಗ ಯಾರೂ ನೋಡದ ತಳದ ಅಂಚಿಗೂ ಎರಡು ಕೋಟ್ ಕೊಡಿ. ನೆಲ ಒರೆಸುವ ನೀರು ಏರುವುದು ಅಲ್ಲಿಂದ. ಬಚ್ಚಲ ಬಾಗಿಲುಗಳು ಕೆಳಗಿನಿಂದ ಪದರ ಬಿಡುವುದೂ, ಆಮೇಲೆ ಅದಕ್ಕೆ ತಗಡು ಹೊಡೆಸುವುದೂ ಇದೇ ಕಾರಣಕ್ಕೆ. ಬಣ್ಣ ಮುಟ್ಟಿದರೆ ಅಂಟದಿರುವುದು ಒಂದು, ಗಟ್ಟಿಯಾಗುವುದು ಇನ್ನೊಂದು. ಮೊದಲ ವಾರ ಬಾಗಿಲನ್ನು ಬಿಗಿಯಾಗಿ ಹಾಕಿದರೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಉಡುಪಿ ಕಡೆ, ಈ ಕೆಲಸಕ್ಕೆ ಕೈಹಾಕದಿರುವುದೇ ವಾಸಿ. ಮೊದಲೇ ಬಿಗಿಯಾಗಿರುವ ಕದ ಎರಡು ಕೋಟ್ ಆದ ಮೇಲೆ ಇನ್ನಷ್ಟು ಹಿಡಿಯುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಮನೆಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಿಗೊಳಿಸುವ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಎನಾಮೆಲ್, ಮುಖ್ಯವಾಗಿ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರಬಹುದು. ಅಂಥ ಬಾಗಿಲನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ವಾಟರ್ ಪೇಪರ್ ತಂದು ನೀರು ಹಾಕಿಯೇ ಉಜ್ಜಬೇಕು, ಮಾಸ್ಕ್ ಹಾಕಿಕೊಳ್ಳಬೇಕು, ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆ ಮನೆಗೆ ಕಳಿಸಬೇಕು. ನೆಲಕ್ಕೆ ಬಿದ್ದದ್ದನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ತೇಗದ ವೆನೀರ್ ಇರುವ ಬಾಗಿಲಿಗೆ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಸಂಕಟ. ಅದಕ್ಕೆ ಹಳೆಯ ಪಾಲಿಶ್ ತೆಗೆದು ಹೊಸ ಪಾಲಿಶ್ ಕೊಟ್ಟರೆ ಸಾಕು.

ಬಣ್ಣ ಯಾವುದು? ಕೆನೆಬಣ್ಣದ ಗೋಡೆ, ಕೆನೆಬಣ್ಣದ ಟೈಲ್ಸ್ ಇರುವ ಫ್ಲ್ಯಾಟ್‌ಗಳಲ್ಲಿ ಬಾಗಿಲೂ ಅದೇ ಆದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ನಮ್ಮ ಹಳ್ಳಿಮನೆಗಳ ಕದಗಳಿಗೆ ಹಚ್ಚುತ್ತಿದ್ದ ಗಾಢ ನೀಲಿ, ಎಲೆಹಸಿರುಗಳಿಗೆ ಇವತ್ತಿಗೂ ಸಾಟಿಯಿಲ್ಲ. ಅದನ್ನು ಅಂಗಡಿಯವರಿಗೆ ಹೇಳಿ ಹೊಳಪು ಕಡಿಮೆ ಇರುವ ಸ್ಯಾಟಿನ್‌ನಲ್ಲಿ ಮಾಡಿಸಿಕೊಂಡರೆ ಪೇಟೆಮನೆಗೂ ಒಪ್ಪುತ್ತದೆ. ಹೊಳಪು ಹೆಚ್ಚಾದಷ್ಟೂ ರೋಲರಿನ ಗುರುತು, ಪುಟ್ಟಿಯ ಉಬ್ಬು ಎಲ್ಲ ಎದ್ದು ಕಾಣುತ್ತವೆ. ರೆಡ್ ಆಕ್ಸೈಡ್ ನೆಲ ಉಳಿಸಿಕೊಂಡ ಪುಣ್ಯವಂತರು ಬೂದುಹಸಿರನ್ನು ಪ್ರಯತ್ನಿಸಬಹುದು.

ಸಪಾಟು ಕದಕ್ಕೆ ಬೀಡಿಂಗ್ ಪಟ್ಟಿ ಹೊಡೆದು ಪ್ಯಾನೆಲ್ ಬಾಗಿಲಿನಂತೆ ಕಾಣಿಸುವುದು ಬಹಳ ಜನ ಮಾಡುವ ಕೆಲಸ. ಚೆನ್ನಾಗಿ ಮಾಡುವವರು ಕಡಿಮೆ. ಕಾರಣ ಅಳತೆ. ನಾಲ್ಕೂ ಕಡೆ ಸಮ ಜಾಗ ಬಿಟ್ಟು ಮೂರು ಸಮ ಚೌಕ ಹೊಡೆದರೆ ಬಾಗಿಲು ಬಿಸ್ಕತ್ತಿನ ಹಾಗೆ ಕಾಣುತ್ತದೆ. ನಿಜವಾದ ಪ್ಯಾನೆಲ್ ಬಾಗಿಲಿನಲ್ಲಿ ಕೆಳಗಿನ ಪಟ್ಟಿ ಯಾವಾಗಲೂ ಮೇಲಿನದಕ್ಕಿಂತ ಅಗಲ, ಭಾರ ಹೊರುವುದು ಅದೇ. ನಡುಪಟ್ಟಿ ಇರುವುದು ಬೀಗ ಕೂರಿಸಲು, ಹಾಗಾಗಿ ಅದು ಹಿಡಿಯ ಎತ್ತರದಲ್ಲೇ ಬರುತ್ತದೆ. ಈ ಎರಡು ಗುಟ್ಟು ತಿಳಿದರೆ ಮಿಕ್ಕದ್ದು ಸಲೀಸು. ಮೂವತ್ತಿಂಚು ಅಗಲದ, ಏಳಡಿ ಅಂದರೆ 84 ಇಂಚು ಎತ್ತರದ ಕದ ಎನ್ನಿ. ಎಡಬಲಕ್ಕೂ ಮೇಲಕ್ಕೂ ಐದೈದು ಇಂಚು, ಕೆಳಗೆ ಒಂಬತ್ತು ಇಂಚು ಬಿಡಿ. ಕೆಳಗಿನ ಪ್ಯಾನೆಲ್ 20ಕ್ಕೆ 24, ನಡುವೆ ಆರಿಂಚು, ಮೇಲಿನ ಪ್ಯಾನೆಲ್ 20ಕ್ಕೆ 40. ನೆಲದಿಂದ 33 ಇಂಚಿಗೂ 39 ಇಂಚಿಗೂ ನಡುವೆ ಬಿಟ್ಟ ಆ ಆರಿಂಚಿನಲ್ಲಿ ಹಿಡಿ ಬಂದು ಕೂರುತ್ತದೆ. ನಿಮ್ಮ ಬಾಗಿಲ ಹಿಡಿ ತುಸು ಮೇಲಿದ್ದರೆ ಪ್ಯಾನೆಲ್‌ಗಳನ್ನೂ ಅಷ್ಟೇ ಸರಿಸಿಕೊಳ್ಳಿ.

ಒಂದು ಮುಖಕ್ಕೆ ಬೇಕಾಗುವ ಪಟ್ಟಿ ಸುಮಾರು ಹದಿನೇಳೂವರೆ ಅಡಿ. ಮೂಲೆಗಳ ಕೊಯ್ತಕ್ಕೆ ಹಾಳಾಗುವುದೂ ಸೇರಿ ಇಪ್ಪತ್ತಡಿ ತಂದರಾಯಿತು. ಅರ್ಧ ಅಥವಾ ಮುಕ್ಕಾಲು ಇಂಚಿನ ಅಗಲ ಸಾಕು. ಮೂಲೆಗಳನ್ನು 45 ಡಿಗ್ರಿಗೆ ಕೊಯ್ಯಲು ಪ್ಲಾಸ್ಟಿಕ್ಕಿನ ಮೈಟರ್ ಬಾಕ್ಸ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಂಗಳೂರಿನವರಾದರೆ ಎಸ್‌ಜೆಪಿ ರಸ್ತೆಗೆ ಹೋದರೆ ಆಯಿತು, ಸುಮ್ಮನೆ ನೋಡುತ್ತ ತಿರುಗಿದರೂ ಅರ್ಧ ದಿನ ಹಿಡಿಸುವ ಬೀದಿ ಅದು. ಮರಕ್ಕೆ ಹಾಕುವ ಬಿಳಿ ಅಂಟು ಸವರಿ, ತೆಳು ಮೊಳೆಗಳಿಂದ ಹಿಡಿಸಿ, ಮೊಳೆಯ ಗುರುತಿಗೂ ಮೂಲೆಯ ಸಂದಿಗೂ ಪುಟ್ಟಿ ತುಂಬಿ, ಪಟ್ಟಿಗೂ ಕದಕ್ಕೂ ಒಂದೇ ಬಣ್ಣ ಬಳಿಯಿರಿ. ಕಣ್ಣಿಗೆ ಕಾಣಬೇಕಾದದ್ದು ಪಟ್ಟಿ ಚೆಲ್ಲುವ ನೆರಳು. ಪಟ್ಟಿಗೆ ಚಿನ್ನದ ಬಣ್ಣ ಹೊಡೆದರೆ ಮದುವೆ ಛತ್ರದ ಕಳೆ ಬರುತ್ತದೆ. ಮೊದಲು ಕದವನ್ನೊಮ್ಮೆ ಬೆರಳಗಂಟಿನಿಂದ ಬಡಿದು ನೋಡಿ. ಡಬ್ ಡಬ್ ಎಂದು ಟೊಳ್ಳಾಗಿ ಕೇಳಿದರೆ ಒಳಗೆ ಜಾಲರಿ ಇದೆ ಎಂದರ್ಥ. ಅಲ್ಲಿ ಮೊಳೆ, ಸ್ಕ್ರೂ ನಿಲ್ಲುವುದಿಲ್ಲ, ಅಂಟೇ ಗತಿ. ಬಾಗಿಲು ತೆರೆದಾಗ ಪಟ್ಟಿ ವಾರ್ಡ್‌ರೋಬಿಗೆ ತಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಇಷ್ಟಾದರೂ ಪ್ಯಾನೆಲ್ ಎಂಬುದು ಹಳೆಯ ಬಾಗಿಲಿನ ವೇಷ. ಸಪಾಟು ಮೈಯ ಲಾಭ ಪೂರ್ತಿ ಪಡೆಯಬೇಕೆಂದರೆ ಗೆರೆಯ ಕಲೆಗಳ ಕಡೆ ತಿರುಗಬೇಕು, ನಮ್ಮಲ್ಲಿ ಅವಕ್ಕೆ ಬರವಿಲ್ಲ. ನನಗೆ ಬಾಗಿಲಿಗೆ ಹೇಳಿ ಮಾಡಿಸಿದಂತೆ ಕಾಣುವುದು ಧಾರವಾಡದ ಕಡೆಯ ಕಸೂತಿ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಅದರಲ್ಲಿ ದುಂಡು ಗೆರೆ ಬರುವುದಿಲ್ಲ. ಅಡ್ಡ, ಉದ್ದ, ಓರೆ, ಇಷ್ಟರಲ್ಲೇ ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲ ಮೂಡಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮುರ್ಗಿ ಮೆಟ್ಟಿಲಿನಂತೆ ಏರುತ್ತ ಹೋಗುತ್ತದೆ. ಹೀಗೆ ಏರುವ ಗೆರೆಯನ್ನು ಟೇಪಿನಿಂದ ತೆಗೆಯುವುದು ಬಲು ಸುಲಭ, ಚಿತ್ರ ಬಿಡಿಸಲು ಬಾರದವರೂ ಮಾಡಬಹುದು.

ಅದೇ ಮೂವತ್ತಿಂಚಿನ ಕದವನ್ನು ತೆಗೆದುಕೊಳ್ಳಿ. ಎರಡೆರಡು ಇಂಚಿನ ಚೌಕ ಹಾಕಿದರೆ ಅಡ್ಡಕ್ಕೆ ಹದಿನೈದು ಬರುತ್ತವೆ. ಬೆಸ ಸಂಖ್ಯೆ ಆದದ್ದು ಅನುಕೂಲವೇ ಆಯಿತು, ನಟ್ಟನಡುವಿನ ಎಂಟನೆಯ ಚೌಕ ಗೋಪುರದ ಕಳಸಕ್ಕೆ. ಅಲ್ಲಿಂದ ಕೆಳಕ್ಕೆ ಪ್ರತಿ ಸಾಲಿಗೂ ಎರಡು ಕಡೆ ಒಂದೊಂದು ಚೌಕ ಹೆಚ್ಚಿಸುತ್ತ ಬಂದರೆ ಎಂಟನೆಯ ಸಾಲಿಗೆ ಗೋಪುರ ಬಾಗಿಲಿನ ಅಂಚು ಮುಟ್ಟುತ್ತದೆ. ಬಾಗಿಲು ಮೂರಡಿಯದಾದರೆ ಎರಡೂ ಬದಿಗೆ ಮೂರು ಇಂಚು ಬಿಟ್ಟರೆ ಇದೇ ಲೆಕ್ಕ. ಹಿನ್ನೆಲೆ ಬಣ್ಣ ಹಚ್ಚಿ ಎರಡು ದಿನ ಚೆನ್ನಾಗಿ ಒಣಗಲು ಬಿಟ್ಟು, ಪೆನ್ಸಿಲಿನಲ್ಲಿ ಚೌಕ ಹಾಕಿ, ಮೆಟ್ಟಿಲಿನ ಗಡಿಗೆ ಟೇಪ್ ಅಂಟಿಸಿ. ಆಮೇಲೆ ಟೇಪಿನ ಅಂಚಿನ ಮೇಲೆ ಮೊದಲು ಹಿನ್ನೆಲೆ ಬಣ್ಣವನ್ನೇ ಇನ್ನೊಮ್ಮೆ ತೆಳುವಾಗಿ ಸವರಿ. ಟೇಪಿನಡಿ ನುಗ್ಗುವ ಬಣ್ಣ ಯಾವುದಿದ್ದರೂ ಅದೇ ಬಣ್ಣವಾಗಿರುತ್ತದೆ, ಸಂದು ಮುಚ್ಚಿಹೋಗುತ್ತದೆ. ಅದು ಒಣಗಿದ ಮೇಲೆ ಎರಡನೆಯ ಬಣ್ಣ ಹಚ್ಚಿ, ಪೂರ್ತಿ ಒಣಗುವ ಮೊದಲೇ ಟೇಪನ್ನು ಓರೆಯಾಗಿ ಎಳೆದು ತೆಗೆದರೆ ಗೆರೆ ಕತ್ತರಿಸಿದಂತೆ ಬರುತ್ತದೆ. ಇಳಕಲ್ ಸೀರೆಯ ಕಪ್ಪುಗೆಂಪು ಇದಕ್ಕೆ ಒಳ್ಳೆಯ ಜೋಡಿ. ಗೋಪುರ ಬಾಗಿಲಿನ ಕೆಳಗಿನ ಅರ್ಧಕ್ಕೆ ಇರಲಿ, ಮೇಲಿನ ಅರ್ಧ ಖಾಲಿ ಬಿಡಿ. ಪೂರ್ತಿ ಕದ ತುಂಬಿಸುವ ಆಸೆಯನ್ನು ತಡೆದುಕೊಂಡವರಿಗೇ ಈ ಕೆಲಸ ಒಲಿಯುತ್ತದೆ.

ಸಾಗರದ ಕಡೆಯ ದೀವರ ಹೆಂಗಸರ ಹಸೆ ಚಿತ್ತಾರವನ್ನು ಮಾತ್ರ ಹೀಗೆ ಟೇಪ್ ಹಚ್ಚಿ ನಕಲು ಮಾಡಲು ನನಗೆ ಮನಸ್ಸಾಗದು. ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿಯಲ್ಲಿ, ಪುಂಡಿನಾರಿನ ಕುಂಚ ಹಿಡಿದು ಎಳೆಯುವ ಆ ಗೆರೆಗಳು ಕೈಯ ಉಸಿರಿನಿಂದ ಬಂದವು. ಮದುವೆಮನೆಯ ಗೋಡೆಗೆ ಸೇರಿದವು. ಬೇಕೆಂದರೆ ಕಲಾವಿದೆಯರಿಂದಲೇ ತೆಳು ಪ್ಲೈವುಡ್ ಹಲಗೆಯ ಮೇಲೆ ಬರೆಸಿ, ದುಡ್ಡು ಕೊಟ್ಟು, ಬಾಗಿಲಿಗೆ ಸ್ಕ್ರೂ ಹಾಕಿ ಕೂರಿಸಿಕೊಳ್ಳುವುದು ಮರ್ಯಾದೆ. ಮನೆ ಬಿಟ್ಟರೆ ಹಲಗೆ ಜೊತೆಗೆ ಬರುತ್ತದೆ.

ಬಟ್ಟೆಯೂ ಬಾಗಿಲಿಗೆ ಒಪ್ಪುತ್ತದೆ. ಗುಳೇದಗುಡ್ಡದ ಖಣವನ್ನು ನಾವು ಕುಪ್ಪಸಕ್ಕೂ ಉಡಿ ತುಂಬುವುದಕ್ಕೂ ಮೀಸಲಿಟ್ಟಿದ್ದೇವೆ. ಮೇಲೆ ಹೇಳಿದ ಬೀಡಿಂಗ್ ಪ್ಯಾನೆಲ್‌ನ ಮೇಲಿನ ಚೌಕಕ್ಕೆ ಒಂದೂಕಾಲು ಮೀಟರ್ ಖಣ ಅಂಟಿಸಿ, ಅಂಚಿನ ಮೇಲೆ ಪಟ್ಟಿ ಹೊಡೆದರೆ ಕೋಣೆಯ ಬೆಳಕೇ ಬದಲಾದಂತೆ ಕಾಣುತ್ತದೆ. ಬೀರುವಿನ ತಳದಲ್ಲಿ ಮಡಿಕೆಯಲ್ಲೇ ಹರಿದ ಇಳಕಲ್ ಸೀರೆಗಳಿದ್ದರೆ ಅವುಗಳ ತೋಪು ತೆನೆ ಸೆರಗೂ ಆಗುತ್ತದೆ. ಬಟ್ಟೆಯನ್ನು ಮೊದಲೇ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಕೊಳ್ಳಿ, ಆಮೇಲೆ ಕುಗ್ಗಬಾರದು. ಸ್ವಂತ ಮನೆಯಾದರೆ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಹಚ್ಚಬಹುದು. ಬಾಡಿಗೆ ಮನೆಯಾದರೆ ಮೈದಾ ಕಾಯಿಸಿದ ಅಂಟು ಸರಿ, ಒದ್ದೆ ಬಟ್ಟೆ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಅಡುಗೆಮನೆ ಕಡೆ ಮೈದಾ ಬೇಡ, ಜಿರಲೆಗಳಿಗೆ ಔತಣ.

ಅಡುಗೆಮನೆಗೆ ಬೇರೆಯೇ ಉಪಾಯವಿದೆ. ಹಿಂದೆ ಅಡುಗೆಮನೆ ಬಾಗಿಲ ಹಿಂಬದಿಯೇ ಮನೆಯ ಲೆಕ್ಕದ ಪುಸ್ತಕವಾಗಿತ್ತು. ಹಾಲಿನವನ ಲೆಕ್ಕ, ಇಸ್ತ್ರಿಯವನ ಲೆಕ್ಕ, ಗ್ಯಾಸ್ ಬಂದ ತಾರೀಖು ಎಲ್ಲ ಸೀಮೆಸುಣ್ಣದಲ್ಲೋ ಪೆನ್ಸಿಲಿನಲ್ಲೋ ಅಲ್ಲೇ. ಬ್ಲ್ಯಾಕ್‌ಬೋರ್ಡ್ ಪೇಂಟ್ ತಂದು ಒಳಮುಖದ ಮೇಲಿನ ಅರ್ಧಕ್ಕೆ ಹಚ್ಚಿದರೆ ಆ ಪದ್ಧತಿ ಮತ್ತೆ ಶುರುವಾಗುತ್ತದೆ. ಒಣಗಿದ ಮೇಲೆ ಇಡೀ ಮೈಗೆ ಸೀಮೆಸುಣ್ಣವನ್ನು ಅಡ್ಡಲಾಗಿ ಉಜ್ಜಿ ಒರೆಸಿ, ಆಮೇಲೆ ಬರೆಯಲು ಶುರುಮಾಡಿ. ಇಲ್ಲದಿದ್ದರೆ ಮೊದಲು ಬರೆದದ್ದರ ಗುರುತು ಉಳಿದುಬಿಡುತ್ತದೆ.

ಅಮೃತಶಿಲೆಯ ಚಿತ್ರದ ವಿನೈಲ್ ಸ್ಟಿಕ್ಕರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಟಿಸಿದ ದಿನ ಚೆಂದ. ಆಮೇಲೆ ಹಿಡಿಯ ಬಳಿ ಗುಳ್ಳೆ, ಮೂಲೆಯಲ್ಲಿ ಸುರುಳಿ, ಮಗುವಿನ ಉಗುರಿಗೆ ಒಂದು ಆಟ.

ಇನ್ನು ಹಿಡಿ. ಇಡೀ ಬಾಗಿಲಿನಲ್ಲಿ ನಾವು ಮುಟ್ಟುವುದು ಅದೊಂದನ್ನೇ. ಬಿಲ್ಡರ್ ಹಾಕಿಸಿದ ಹಗುರ ಹಿಡಿಯ ಜಾಗದಲ್ಲಿ ತೂಕದ ಹಿತ್ತಾಳೆ ಹಿಡಿ ಬಂದರೆ ಬಾಗಿಲೇ ಭಾರವಾದಂತೆ ಅನಿಸುತ್ತದೆ. ಬೀಗದ ತೂತುಗಳ ಅಂತರ ಅಳೆದುಕೊಂಡು ಅಷ್ಟೇ ಅಂತರದ್ದನ್ನು ಕೇಳಿದರೆ ಬಡಗಿಯೂ ಬೇಡ, ಸ್ಕ್ರೂಡ್ರೈವರ್ ಸಾಕು. ಲ್ಯಾಕರ್ ಲೇಪನವಿಲ್ಲದ ಹಿತ್ತಾಳೆ ಸಿಕ್ಕರೆ ಒಳ್ಳೆಯದು, ಕಪ್ಪಾದರೆ ಹುಣಸೆಹಣ್ಣು ಇದ್ದೇ ಇದೆ. ಚನ್ನಪಟ್ಟಣದ ಅರಗಿನ ಗುಬುಟುಗಳು ಬೀಗ ತಿರುಗಿಸಲು ಆಗುವುದಿಲ್ಲ. ಬಾಗಿಲ ಹಿಂದೆ ಬಟ್ಟೆ ತೂಗುವ ಗೂಟಗಳಾಗಿ, ಸ್ಟೋರ್ ಬಾಗಿಲಿನ ಎಳೆಹಿಡಿಯಾಗಿ ಅವು ಸೊಗಸು. ಹಾಲೆಮರವನ್ನು ಚರಕಿಗೆ ಕಟ್ಟಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿಗೆ ಅರಗು ಕರಗಿ ಮೆತ್ತಿಕೊಂಡ ಹೊಳಪು ಅದು. ಸ್ಪಿರಿಟ್ ತಾಗಿದರೆ ಕರಗುತ್ತದೆ, ಸ್ಯಾನಿಟೈಸರ್ ಹಾಕಿ ಒರೆಸಬಾರದು. ಒಣಬಟ್ಟೆ ಸಾಕು.

ಬಾಡಿಗೆದಾರರಿಗೆ ಹಿಡಿಯಷ್ಟು ಅನುಕೂಲದ ಬದಲಾವಣೆ ಇನ್ನೊಂದಿಲ್ಲ. ಹಳೆಯದನ್ನು ಸ್ಕ್ರೂ ಸಮೇತ ಪೊಟ್ಟಣ ಕಟ್ಟಿ ಅಟ್ಟದ ಮೇಲಿಟ್ಟು, ಖಾಲಿ ಮಾಡುವ ದಿನ ಹೊಸದನ್ನು ಬಿಚ್ಚಿಕೊಂಡು ಹೋಗಬಹುದು. ಬಣ್ಣದ ಮಾತಿಗೆ ಮಾಲೀಕರನ್ನು ಮೊದಲೇ ಕೇಳಿ, ವಾಟ್ಸ್ಆ್ಯಪ್‌ನಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಹೇಗೂ ರೂಢಿ. ಆ ದುಡ್ಡಿನಲ್ಲಿ ಅವರು ಬಾಗಿಲಿಗೂ ಕೆನೆಬಣ್ಣ ಬಳಿಸಿಕೊಳ್ಳಲಿ, ಅಲ್ಲಿಯವರೆಗಾದರೂ ನೀಲಿ ಇರಲಿ ಎಂದು ಕೇಳಿ ನೋಡಿ. ಹೆಚ್ಚಿನವರು ಒಪ್ಪುತ್ತಾರೆ.